ಬಾದಾಮಿಯ ಕಲ್ಲಿನಲ್ಲಿ ಹರಿದ ಹೊಳೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಾದಾಮಿಗೆ ಹೋದವರು ಮೊದಲನೇ ಗುಹೆಯ ಹದಿನೆಂಟು ಕೈಗಳ ನಟರಾಜನನ್ನು ನೋಡದೆ ಬರುವುದಿಲ್ಲ. ಮೂರನೇ ಗುಹೆಗೆ ಹತ್ತಿ, ಅಲ್ಲಿರುವ ಮಂಗಳೇಶನ ಶಾಸನ ಕ್ರಿ.ಶ. 578ರದು ಎಂದು ಕೇಳಿ ತಲೆದೂಗುತ್ತಾರೆ. ನಾನೂ ತಲೆದೂಗಿದವನೇ. ಕಳೆದ ಸಲ ಹೋದಾಗ ಮಾತ್ರ ಕಂಬದ ಕೆತ್ತನೆ ಬಿಟ್ಟು, ಕಂಬದ ಕಲ್ಲನ್ನೇ ನೋಡುತ್ತ ನಿಂತೆ. ಕೆಂಪು, ತಿಳಿಗೆಂಪು, ಬಿಳುಪು ಪಟ್ಟೆಗಳು. ಉಳಿ ಎತ್ತ ಹೋಗಿದ್ದರೂ ಆ ಪಟ್ಟೆಗಳು ತಮ್ಮ ಪಾಡಿಗೆ ತಾವು ಕಂಬ ದಾಟಿ ಗೋಡೆಗೆ ನಡೆದುಬಿಟ್ಟಿವೆ.

ರೊಟ್ಟಿ ಬುಟ್ಟಿಯಲ್ಲಿ ತಳದಲ್ಲಿರುವುದು ಮೊದಲು ಬೇಯಿಸಿದ ರೊಟ್ಟಿ. ಪದರಗಲ್ಲಿನ ಲೆಕ್ಕವೂ ಅಷ್ಟೇ: ಕೆಳಗಿನದು ಹಳೆಯದು. 1669ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ನಿಕೋಲಾಸ್ ಸ್ಟೆನೊ ಇದನ್ನು ಬರೆದಿಟ್ಟ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಗೇಣಿನಷ್ಟು ದಪ್ಪದ ಪದರ. ಅದರೊಳಗೆ ಗೆರೆಗಳು ಅಡ್ಡಡ್ಡ ಇಲ್ಲ, ಓರೆಯಾಗಿ ಇಳಿದಿವೆ. ಮೇಲ್ತುದಿಯನ್ನು ಯಾರೋ ಕತ್ತಿಯಿಂದ ಸವರಿದ ಹಾಗಿದೆ. ಅದರ ಮೇಲೆ ಮತ್ತೊಂದು ಓರೆಗೆರೆಗಳ ಸಾಲು. ಇದು ಹೊಳೆಯ ಕೆಲಸ. ಹರಿಯುವ ನೀರು ತಳದ ಮರಳನ್ನು ಸಣ್ಣ ದಿಣ್ಣೆ ಮಾಡುತ್ತದೆ. ಕಾಳುಗಳು ಅದರ ಬೆನ್ನೇರಿ ಆಚೆಯ ಇಳಿಜಾರಿನಲ್ಲಿ ಉರುಳಿ ಕೂರುತ್ತವೆ, ದಿಣ್ಣೆ ಮುಂದೆ ಸರಿಯುತ್ತದೆ. ಮುಂದಿನ ನೆರೆ ಬಂದು ನೆತ್ತಿ ಕೊಚ್ಚಿ ಹೊಸ ದಿಣ್ಣೆ ಹಾಕುತ್ತದೆ. ಗೆರೆಗಳು ಯಾವ ಕಡೆಗೆ ಇಳಿದಿವೆಯೋ, ನೀರು ಹರಿದದ್ದೂ ಆ ಕಡೆಗೇ. ಗೋಡೆಯ ಮೇಲೆ ಕೈಯಿಟ್ಟು ಆ ಹೊಳೆಯ ದಿಕ್ಕು ಹೇಳಬಹುದು! ಅಂಥ ಗೋಡೆಯ ಮೇಲೆ ಯಾರೋ ತಮ್ಮ ಹೆಸರು ಗೀಚಿದ್ದು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಆ ಹೊಳೆ ಹರಿದದ್ದು 54 ಕೋಟಿ ವರ್ಷಕ್ಕೂ ಬಹಳ ಹಿಂದೆ. ಆಗ ನೆಲದ ಮೇಲೆ ಮರವಿಲ್ಲ, ಹುಲ್ಲಿಲ್ಲ. ದಡವನ್ನು ಬಿಗಿಹಿಡಿಯಲು ಒಂದು ಬೇರೂ ಇರಲಿಲ್ಲ. ಹಾಗಾಗಿ ಹೊಳೆ ಒಂದೇ ಪಾತ್ರದಲ್ಲಿ ನಿಲ್ಲದೆ, ಹತ್ತಾರು ಕವಲಾಗಿ ಬಯಲ ತುಂಬ ಮರಳು ಹರಡುತ್ತ ಹೋಯಿತು. ಈ ಕಲ್ಲಿನಲ್ಲಿ ಶಂಖವನ್ನೋ ಮೀನಿನ ಮುಳ್ಳನ್ನೋ ಹುಡುಕಿ ಫಲವಿಲ್ಲ. ಕೆಂಪು ಬಂದದ್ದು ಮರಳ ಕಾಳಿಗೆ ಅಂಟಿದ ಕಬ್ಬಿಣದ ತುಕ್ಕಿನಿಂದ. ಗಾಳಿಯಲ್ಲಿ ಆಮ್ಲಜನಕ ಸೇರಿಯಾಗಿತ್ತು ಎಂಬುದಕ್ಕೆ ಆ ತುಕ್ಕೇ ಸಾಕ್ಷಿ.

ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ಸುತ್ತಿ 1876ರಲ್ಲಿ ವರದಿ ಪ್ರಕಟಿಸಿದರು. ಕಲಾದಗಿ ಊರಿನ ಹೆಸರು ಇಲ್ಲಿನ ಶಿಲಾಸ್ತೋಮಕ್ಕೆ ನಿಂತಿತು. ಬಾದಾಮಿಯ ಮರಳುಗಲ್ಲು ಅದರ ಮೇಲಿನ ಭಾಗ, ಬಾಗಲಕೋಟೆ ಸುತ್ತಿನ ಪದರಗಳು ಕೆಳಗಿನವು. ಕೆಳಗಿನವು ಮೊದಲು ಮಟ್ಟಸವಾಗಿಯೇ ಕೂತಿದ್ದವು. ಆಮೇಲೆ ನೆಲದ ಒತ್ತಡಕ್ಕೆ ಮಡಿಚಿ, ಓರೆಯಾಗಿ ಎದ್ದು, ಮಳೆಗಾಳಿಗೆ ಸವೆದು ಬೋಳಾದವು. ಆ ಬೋಳು ನೆಲದ ಮೇಲೆ ಬಾದಾಮಿಯ ಮರಳು ಮತ್ತೆ ಮಟ್ಟಸವಾಗಿ ಬಂದು ಕೂತಿತು.

ಕೆಳಗೆ ಓರೆ, ಮೇಲೆ ಮಟ್ಟ. ನಡುವೆ ಒಂದು ಗೆರೆ. ಬೆಟ್ಟ ಏಳುವುದಕ್ಕೂ ಸವೆಯುವುದಕ್ಕೂ ಹಿಡಿದ ಕಾಲಕ್ಕೆ ಅಲ್ಲಿ ಕಲ್ಲಿಲ್ಲ, ಆ ಗೆರೆಯೊಂದೇ ಇದೆ. ಅದರ ಕೆಳಗೆ ಹೆಬ್ಬೆರಳು, ಮೇಲೆ ತೋರುಬೆರಳು ಇಟ್ಟರೆ, ಎರಡು ಬೆರಳಿನ ನಡುವೆ ಕೋಟ್ಯಂತರ ವರ್ಷ.