ಮಡಚುವ ಚಾಕುಗಳ ಹವ್ಯಾಸ: ಒಪಿನೆಲ್ ನಂಬರ್ 8ರಿಂದಲೇ ಯಾಕೆ ಶುರು ಮಾಡಬೇಕು?

(ದೃಶ್ಯ: ಮರದ ಮೇಜಿನ ಮೇಲೆ ಎರಡು ಚಾಕು. ಒಂದರ ಅಲಗು ಕನ್ನಡಿಯಂತೆ ಹೊಳೆಯುತ್ತಿದೆ. ಇನ್ನೊಂದರ ಅಲಗು ಬೂದು-ನೀಲಿ, ಹಿಡಿ ಕಡುಕಂದು.)

ಎಲ್ಲರಿಗೂ ನಮಸ್ಕಾರ. ಇವೆರಡೂ ಒಂದೇ ಚಾಕು. ಒಂದೇ ಕಂಪನಿ, ಒಂದೇ ಅಳತೆ, ಒಂದೇ ಉಕ್ಕು, ಒಂದೇ ಮರ. ಎಡಗಡೆ ಇರೋದು ಡಬ್ಬದಿಂದ ಈಗ ತಾನೇ ಆಚೆ ಬಂದದ್ದು. ಬಲಗಡೆಯದು ವರ್ಷಗಟ್ಟಲೆ ಹಣ್ಣು, ತರಕಾರಿ, ಹಗ್ಗ, ರಟ್ಟು ಎಲ್ಲ ಕೊಯ್ದದ್ದು. ಅದರ ಹಿಡಿಯನ್ನು ಉಜ್ಜಿ, ಆಕಾರ ಬದಲಿಸಿ, ಎಣ್ಣೆ ಕುಡಿಸಿದ್ದೀನಿ.

ಮಡಚುವ ಚಾಕು ಸಂಗ್ರಹ ಮಾಡಬೇಕು, ನಮ್ಮ ಕೈಗೆ ಹೊಂದೋ ಹಾಗೆ ಅದನ್ನು ಬದಲಾಯಿಸಿಕೊಳ್ಳಬೇಕು ಅನ್ನೋರಿಗೆ ಮೊದಲ ಚಾಕು ಯಾವುದು? ನನ್ನ ಉತ್ತರ ಸ್ಪಷ್ಟ: ಫ್ರಾನ್ಸಿನ ಒಪಿನೆಲ್ ಕಂಪನಿಯ ನಂಬರ್ 8 (ನಂಬರ್ ಅಂದರೆ ಅಳತೆ), ಅದರಲ್ಲೂ ಕಾರ್ಬನ್ ಉಕ್ಕಿನದು. ದುಬಾರಿ ಚಾಕುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿಡೋದೂ ಒಂದು ಬಗೆಯ ಸಂಗ್ರಹವೇ, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಚಾಕು ಅನ್ನೋದು ಹೇಗೆ ಕೆಲಸ ಮಾಡುತ್ತೆ ಅಂತ ತಿಳೀಬೇಕಾದರೆ ಅದರ ಮೇಲೆ ಧೈರ್ಯವಾಗಿ ಕೈ ಹಾಕೋಕೆ ಆಗಬೇಕು. ಒಪಿನೆಲ್ ಅಂಥ ಚಾಕು. ಬೆಲೆ ಕಡಿಮೆ, ರಚನೆ ಸರಳ, ಏನು ಮಾಡಿದರೂ ಕಣ್ಣಿಗೆ ಕಾಣುತ್ತೆ.

(ದೃಶ್ಯ: ಚಾಕುವಿನ ಭಾಗಗಳು ಬಿಡಿಬಿಡಿಯಾಗಿ ಬಿಳಿ ಬಟ್ಟೆಯ ಮೇಲೆ.)

ನೋಡಿ, ಐದೇ ಭಾಗ. ಮರದ ಹಿಡಿ. ಅಲಗು. ಎರಡನ್ನೂ ಹಿಡಿದಿಡೋ ಒಂದು ರಿವೆಟ್. ಹಿಡಿಯ ತುದಿಗೆ ಬಿಗಿಯಾಗಿ ಕೂತಿರೋ ಲೋಹದ ಕಟ್ಟು. ಅದರ ಮೇಲೆ ತಿರುಗೋ ಒಂದು ರಿಂಗ್. ಇದರಲ್ಲಿ ಸ್ಪ್ರಿಂಗ್ ಇಲ್ಲ, ಸ್ಕ್ರೂ ಇಲ್ಲ. ಅಲಗು ಬಿಚ್ಚಿ ರಿಂಗ್ ತಿರುಗಿಸಿದರೆ ಅಲಗಿನ ಬುಡ ರಿಂಗಿಗೆ ತಾಗಿ ನಿಲ್ಲುತ್ತೆ, ಬೆರಳ ಮೇಲೆ ಮಡಚಿಕೊಳ್ಳಲ್ಲ.

ಈ ರಿಂಗ್ ಮೊದಲಿಂದ ಇರಲಿಲ್ಲ. ಆಲ್ಪ್ಸ್ ಬೆಟ್ಟಗಳ ಸವೊಯ್ ಪ್ರಾಂತ್ಯದಲ್ಲಿ, ಸ್ಯಾಂ-ಜಾಂ-ದ-ಮೊರಿಯೆನ್ ಊರಿನ ಹತ್ತಿರ, ಕೊಡಲಿ-ಕುಡುಗೋಲು ಮಾಡೋ ಮನೆತನದ ಹುಡುಗ ಜೋಸೆಫ್ ಒಪಿನೆಲ್ 1890ರಲ್ಲಿ ಈ ಚಾಕುವಿಗೆ ರೂಪ ಕೊಟ್ಟಾಗ ಅವನ ವಯಸ್ಸು 18. 1897ರ ಹೊತ್ತಿಗೆ 1ರಿಂದ 12ರವರೆಗೆ ಹನ್ನೆರಡು ಅಳತೆಗಳು ಬಂದವು. ರಿಂಗ್ ಬಂದದ್ದು 1955ರಲ್ಲಿ, ಜೋಸೆಫ್ ಮಗ ಮಾರ್ಸೆಲ್ ಕಂಡುಹಿಡಿದದ್ದು. ಅದರ ಹೆಸರು ವೈರೋಬ್ಲಾಕ್. 2000ದಿಂದ ಈಚೆಗಿನ ರಿಂಗ್‌ಗಳು ಚಾಕು ಮಡಚಿದಾಗಲೂ ಲಾಕ್ ಆಗುತ್ತವೆ. ಜೇಬಲ್ಲಿ ಇಟ್ಟುಕೊಳ್ಳೋರಿಗೆ ಇದು ದೊಡ್ಡ ಅನುಕೂಲ.

(ದೃಶ್ಯ: ಅಲಗಿನ ಮೇಲಿನ ಗುರುತು ಹತ್ತಿರದಿಂದ.)

ಅಲಗಿನ ಮೇಲೆ ಒಂದು ಕೈ, ಅದರ ಮೇಲೊಂದು ಕಿರೀಟ ಕಾಣುತ್ತಲ್ಲ, ಅದು 1909ರಲ್ಲಿ ನೋಂದಾಯಿಸಿದ ಮುದ್ರೆ. ಕೈ ಬಂದದ್ದು ಊರಿನ ಲಾಂಛನದಿಂದ. ಸಂತ ಜಾನ್‌ನ ಬೆರಳಿನ ಅವಶೇಷ ಆ ಊರಿನ ಚರ್ಚಿನಲ್ಲಿದೆ ಅನ್ನೋ ನಂಬಿಕೆ ಅದರ ಹಿಂದಿದೆ. ಕಿರೀಟ ಹಿಂದಿನ ಸವೊಯ್ ಸಂಸ್ಥಾನದ್ದು. ಮುದ್ರೆಯ ಹತ್ತಿರ ಇನ್ನೊಂದು ಪದ ಇರುತ್ತೆ. ‘ಕಾರ್ಬೋನ್’ ಅಂತ ಇದ್ದರೆ ಕಾರ್ಬನ್ ಉಕ್ಕು, ‘ಇನಾಕ್ಸ್’ ಅಂತ ಇದ್ದರೆ ಸ್ಟೇನ್‌ಲೆಸ್. ಕೊಳ್ಳುವಾಗ ಇದನ್ನು ನೋಡೇ ಕೊಳ್ಳಿ.

ಕಾರ್ಬನ್ ಉಕ್ಕಿನಲ್ಲಿ ಸುಮಾರು ಶೇಕಡಾ 0.9ರಷ್ಟು ಇಂಗಾಲ ಇದೆ, ತುಕ್ಕು ತಡೆಯೋ ಕ್ರೋಮಿಯಂ ಇಲ್ಲ ಅನ್ನಬಹುದು. ಸ್ಟೇನ್‌ಲೆಸ್ ಅಲಗಿನಲ್ಲಿ ಕ್ರೋಮಿಯಂ ಶೇಕಡಾ 13ಕ್ಕಿಂತ ಹೆಚ್ಚು. ಕಾರ್ಬನ್ ಅಲಗು ಸಾಣೆ ಕಲ್ಲಿನ ಮೇಲೆ ಬೇಗ ಹರಿತವಾಗುತ್ತೆ, ಹಾಗೇ ಬೇಗ ತುಕ್ಕೂ ಹಿಡಿಯುತ್ತೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಒದ್ದೆಯಾಗಿ ಬಿಟ್ಟರೆ ಬೆಳಗಾಗೋದರೊಳಗೆ ಕೆಂಪು ಚುಕ್ಕೆ ಎದ್ದಿರುತ್ತೆ.

ಹಾಗಿದ್ದರೂ ಕಾರ್ಬನ್ ಯಾಕೆ? ನಮ್ಮ ಮನೆಗಳ ಹಳೇ ಈಳಿಗೆಮಣೆ ನೆನಪು ಮಾಡಿಕೊಳ್ಳಿ. ಬಾಳೆಕಾಯಿ, ಮಾವಿನಕಾಯಿ ಹೆಚ್ಚಿ ಹೆಚ್ಚಿ ಅದರ ಕಬ್ಬಿಣ ಕಪ್ಪಗಾಗಿರುತ್ತೆ. ಆ ಕಪ್ಪು ಕೊಳೆ ಅಲ್ಲ, ತುಕ್ಕೂ ಅಲ್ಲ. ಕೆಂಪು ತುಕ್ಕು ಪೊರೆಪೊರೆಯಾಗಿ ಉದುರುತ್ತೆ, ಉದುರಿದ ಜಾಗದಲ್ಲಿ ಒಳಗಿನ ಉಕ್ಕಿಗೆ ಮತ್ತೆ ನೀರು ತಾಗುತ್ತೆ. ಕಪ್ಪು ಪೊರೆ ಹಾಗಲ್ಲ, ಅಂಟಿಕೊಂಡು ನಿಲ್ಲುತ್ತೆ, ತುಕ್ಕಿನ ವೇಗ ತಗ್ಗಿಸುತ್ತೆ. ಒಗರಿರೋ ಕಾಯಿ, ಟೀ, ಕಾಫಿಗಳಲ್ಲಿ ಟ್ಯಾನಿನ್ ಇರುತ್ತೆ. ಅದು ಕಬ್ಬಿಣದ ಜೊತೆ ಸೇರಿ ನೀಲಿಗಪ್ಪು ಬಣ್ಣ ಕೊಡುತ್ತೆ. ಹಿಂದೆ ಅಳಲೆಕಾಯಿ, ಅನ್ನಭೇದಿ ಬೆರೆಸಿ ಶಾಯಿ ಮಾಡ್ತಿದ್ದರಲ್ಲ, ಅದೂ ಇದೇ ರಸಾಯನ. ಚಾಕು ಹವ್ಯಾಸಿಗಳು ಈ ಪೊರೆಗೆ ಪಟೀನಾ ಅಂತಾರೆ.

(ದೃಶ್ಯ: ಗಾಜಿನ ಲೋಟದಲ್ಲಿ ಬಿಸಿ ವಿನೆಗರ್, ಅದರಲ್ಲಿ ನಿಂತ ಅಲಗು.)

ಪಟೀನಾ ತಾನಾಗಿ ಬರೋಕೆ ಬಿಡಬಹುದು, ಇಲ್ಲ ನಾವೇ ಬರಿಸಬಹುದು. ಮೊದಲು ಪಾತ್ರೆ ತೊಳೆಯೋ ಸೋಪಿನಲ್ಲಿ ಅಲಗು ತೊಳೆದು ಒರೆಸಿ. ಜಿಡ್ಡು ಉಳಿದರೆ ಆ ಜಾಗದಲ್ಲಿ ಬಣ್ಣ ಹಿಡಿಯಲ್ಲ, ಬೆರಳಚ್ಚು ಕೂಡ ಹಾಗೇ ಮೂಡುತ್ತೆ. ವಿನೆಗರ್ ಬಿಸಿ ಮಾಡಿ ಲೋಟಕ್ಕೆ ಹಾಕಿ ಅಲಗನ್ನು ಇಳಿಸಿ. ಕೀಲಿನ ಜಾಗ ಮುಳುಗಬಾರದು, ಆಮ್ಲ ಒಳಗೆ ಹೋದರೆ ಒರೆಸೋಕೆ ಆಗಲ್ಲ. ಈಗ ಅಲಗಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಏಳ್ತಿವೆ ನೋಡಿ. ಐದು ನಿಮಿಷ ಆದಮೇಲೆ ತೆಗೆದರೆ ಮೇಲೆ ಮಸಿ ಥರ ಕೂತಿರುತ್ತೆ, ಅದನ್ನು ಒರೆಸಿ. ಅಡಿಯಲ್ಲಿ ತಿಳಿ ಬೂದು ಬಣ್ಣ ಬಂದಿರುತ್ತೆ. ಇನ್ನೂ ಗಾಢ ಬೇಕಾದರೆ ಮತ್ತೆ ಇಳಿಸಿ. ಸಾಕು ಅನ್ನಿಸಿದಾಗ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆಯಿರಿ, ಹುಳಿ ಅಲ್ಲಿಗೆ ನಿಲ್ಲುತ್ತೆ. ಚೆನ್ನಾಗಿ ಒಣಗಿಸಿ ತೆಳ್ಳಗೆ ಎಣ್ಣೆ ಸವರಿ. ವಿನೆಗರ್ ಅಲಗಿನ ಬಾಯನ್ನೂ ಸ್ವಲ್ಪ ತಿಂದಿರುತ್ತೆ, ಹಾಗಾಗಿ ಕಲ್ಲಿನ ಮೇಲೆ ನಾಲ್ಕು ಸಲ ಎಳೆಯಲೇಬೇಕು. ಸಾಸಿವೆ ಪೇಸ್ಟ್ ಚುಕ್ಕೆಚುಕ್ಕೆಯಾಗಿ ಹಚ್ಚಿ ಚಿತ್ತಾರ ಬರಿಸೋರೂ ಇದ್ದಾರೆ.

ನನಗೆ ಇಷ್ಟ ತಾನಾಗಿ ಬಂದದ್ದೇ. ಈರುಳ್ಳಿ, ಸೇಬು, ನಿಂಬೆ ಒಂದೊಂದೂ ಬೇರೆ ಬೇರೆ ಬಣ್ಣ ಬಿಡುತ್ತೆ. ಈ ಚಾಕುವಿನ ತುದಿ ಹತ್ತಿರ ನೇರಳೆ ಛಾಯೆ ಇದೆ ನೋಡಿ, ಇದನ್ನು ವಿನೆಗರ್ ಲೋಟದಲ್ಲಿ ತರೋಕೆ ಆಗಲ್ಲ. ಆದರೆ ಕರಾವಳಿಯವರು ಮೊದಲು ವಿನೆಗರ್‌ನಲ್ಲಿ ಒಂದು ಪೊರೆ ಬರಿಸಿಕೊಂಡು ಆಮೇಲೆ ಬಳಸೋಕೆ ಶುರು ಮಾಡಿ.

(ದೃಶ್ಯ: ರಿಂಗ್ ತೆಗೆಯೋದು, ಹಿಡಿ ಉಜ್ಜೋದು.)

ಈಗ ಹಿಡಿ. ಇದು ಬೀಚ್ ಮರ, ಮೇಲೆ ವಾರ್ನಿಷ್ ಇದೆ. ಹೊಸಬರು ಇದನ್ನು ಹಾಗೇ ಎಣ್ಣೆಯಲ್ಲಿ ನೆನೆಹಾಕ್ತಾರೆ, ಎಣ್ಣೆ ಒಳಗೆ ಹೋಗೋದೇ ಇಲ್ಲ. ವಾರ್ನಿಷ್ ತೆಗೆಯಬೇಕು. ಮೊದಲು ಸರ್ಕ್ಲಿಪ್ ಪ್ಲೈಯರ್, ಅಂದರೆ ರಿಂಗ್ ಅಗಲಿಸೋ ಇಕ್ಕಳದಿಂದ ರಿಂಗಿನ ಬಾಯಿ ಅಗಲಿಸಿ ಮುಂದಕ್ಕೆ ಜಾರಿಸಿ ತೆಗೆಯಿರಿ. ಬೇಕಾದ್ದಕ್ಕಿಂತ ಹೆಚ್ಚು ಅಗಲಿಸಿದರೆ ರಿಂಗ್ ಸಡಿಲ ಆಗಿ ಲಾಕ್ ನಂಬೋಕೆ ಆಗಲ್ಲ, ನಿಧಾನ. ರಿವೆಟ್ ತೆಗೆಯೋ ಗೋಜಿಗೆ ಹೋಗಬೇಡಿ. ಅಲಗಿಗೆ ದಪ್ಪ ಟೇಪ್ ಸುತ್ತಿ, ಆಮೇಲೆ 120 ನಂಬರ್ ಉಪ್ಪುಕಾಗದ, 240, ಕೊನೆಗೆ 400. ಯಾವಾಗಲೂ ಮರದ ಎಳೆ ಹೋದ ಕಡೆಗೇ ಉಜ್ಜಿ.

ಆಕಾರ ಬದಲಾಯಿಸೋದು ಈ ಹಂತದಲ್ಲೇ. ಕಾರ್ಖಾನೆಯಿಂದ ಬರೋ ಹಿಡಿ ದುಂಡಗಿರುತ್ತೆ. ಕತ್ತಲಲ್ಲಿ ಕೈಗೆ ತಗೊಂಡರೆ ಅಲಗಿನ ಬಾಯಿ ಯಾವ ಕಡೆ ಇದೆ ಅಂತ ಬೇಗ ತಿಳಿಯಲ್ಲ. ಎರಡೂ ಪಕ್ಕ ಸ್ವಲ್ಪ ಚಪ್ಪಟೆ ಮಾಡಿದರೆ ಆ ತೊಂದರೆ ಹೋಗುತ್ತೆ, ಜೇಬಿನಲ್ಲಿ ಉಬ್ಬೋದೂ ಕಡಿಮೆ. ನನ್ನ ಪ್ರಕಾರ ಈ ಚಾಕುವಿಗೆ ಮಾಡಬಹುದಾದ ಅತಿ ಉಪಯುಕ್ತ ಬದಲಾವಣೆ ಇದೇ. ಅಲಗು ಕೂರೋ ಸೀಳಿನ ಪಕ್ಕದ ಗೋಡೆ ಮಾತ್ರ ತೆಳ್ಳಗಾಗದ ಹಾಗೆ ನೋಡಿಕೊಳ್ಳಿ, ಅಲ್ಲಿ ಸೀಳಿದರೆ ಹಿಡಿ ಹೋಯಿತು.

ಕೆಲವರು ಹಿಡಿಯ ಮೇಲೆ ಬೆಂಕಿ ಆಡಿಸಿ ಸುಟ್ಟ ಗೆರೆ ಬರಿಸ್ತಾರೆ, ನೋಡೋಕೆ ಚೆನ್ನಾಗೇ ಇರುತ್ತೆ. ಆದರೆ ಜ್ವಾಲೆ ಅಲಗಿನ ಹತ್ತಿರ ಹೋಗಬಾರದು. ಉಕ್ಕಿನ ಮೇಲೆ ಹಳದಿ, ಆಮೇಲೆ ನೀಲಿ ಬಣ್ಣ ಓಡಿದರೆ ಕಾವು 200 ಡಿಗ್ರಿ ದಾಟಿದೆ ಅಂತ ಅರ್ಥ. ಅಲ್ಲಿಗೆ ಹದ ಹೋಯಿತು, ಅಲಗು ಮೆತ್ತಗಾಯಿತು. ಬೀದಿಯಲ್ಲಿ ಸಾಣೆ ಹಿಡಿಯೋ ಚಕ್ರಕ್ಕೆ ಈ ತೆಳು ಅಲಗು ಕೊಡಬೇಡಿ ಅನ್ನೋದೂ ಇದಕ್ಕೇ. ಮಚ್ಚು, ಕತ್ತಿಗೆ ಆ ಚಕ್ರ ಸರಿ.

ಎಣ್ಣೆಗೆ ಬಣ್ಣದ ಅಂಗಡಿಯಲ್ಲಿ ಸಿಗೋ ಡಬಲ್ ಬಾಯಿಲ್ಡ್ ಲಿನ್ಸೀಡ್ ಆಯಿಲ್, ಅಂದರೆ ಕಾಯಿಸಿದ ಅಗಸೆ ಎಣ್ಣೆ. ಇದು ಗಾಳಿಗೆ ಗಟ್ಟಿಯಾಗುತ್ತೆ. ಕೊಬ್ಬರಿ ಎಣ್ಣೆ ಗಾಳಿಗೆ ಒಣಗಲ್ಲ, ಮರದೊಳಗೆ ಜಿಡ್ಡಾಗೇ ಉಳಿಯುತ್ತೆ. ತೆಳ್ಳಗೆ ಸವರಿ, ಅರ್ಧ ಗಂಟೆ ಬಿಟ್ಟು ಮಿಕ್ಕಿದ್ದು ಒರೆಸಿ, ಒಂದು ದಿನ ಒಣಗಲಿ, ಮತ್ತೆ ಸವರಿ. ಇಲ್ಲಿ ಒಂದು ಎಚ್ಚರಿಕೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಒಣಗುವಾಗ ಅದರಲ್ಲಿ ಕಾವು ಏಳುತ್ತೆ, ಬೆಂಕಿ ಕಡ್ಡಿ ಗೀರದೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ, ಬಯಲಲ್ಲಿ ಹರವಿ ಒಣಗಿಸಿ, ಆಮೇಲೆ ಎಸೆಯಿರಿ.

ಎಣ್ಣೆ ಹಾಕಿದ ಮೇಲೂ ಮಳೆಗಾಲದಲ್ಲಿ ಮರ ಉಬ್ಬಿ ಅಲಗು ಸಿಕ್ಕಿಕೊಳ್ಳಬಹುದು. ಅದಕ್ಕೆ ಸವೊಯ್ ಜನರೇ ಕಂಡುಕೊಂಡ ಉಪಾಯ ಇದೆ.

(ದೃಶ್ಯ: ಹಿಡಿಯ ಹಿಂಬದಿ ಮೇಜಿನ ಅಂಚಿಗೆ ತಟ್ಟೋದು, ಅಲಗು ಸ್ವಲ್ಪ ಮೇಲೇಳೋದು.)

ರಿಂಗಿನ ಲಾಕ್ ಬಿಚ್ಚಿ, ಹಿಡಿಯ ಹಿಂಬದಿಯನ್ನು ಗಟ್ಟಿ ಜಾಗಕ್ಕೆ ಒಮ್ಮೆ ತಟ್ಟಿ. ಅಲಗಿನ ತುದಿ ತಾನೇ ಮೇಲೇಳುತ್ತೆ. ಪದೇ ಪದೇ ಸಿಕ್ಕಿಕೊಂಡರೆ ಉಪ್ಪುಕಾಗದ ಮಡಚಿ ಸೀಳಿನೊಳಗೆ ನಾಲ್ಕಾರು ಸಲ ಎಳೆಯಿರಿ. ತುಂಬ ಎಳೆದರೆ ಬೇಸಿಗೆಯಲ್ಲಿ ಅಲಗು ಅಲ್ಲಾಡುತ್ತೆ.

ಸಂಗ್ರಹದ ವಿಷಯಕ್ಕೆ ಬರ್ತೀನಿ. ಇವತ್ತು ಮೂಲ ಸರಣಿಯಲ್ಲಿ ಹತ್ತು ಅಳತೆ ಸಿಗುತ್ತವೆ: 2ರಿಂದ 10, ಮತ್ತೆ 12. ನಂಬರ್ 1 ಮತ್ತು 11 ನಿಂತು ಬಹಳ ಕಾಲ ಆಯಿತು. ಹತ್ತೂ ಸೇರಿಸೋದು ಒಂದು ದಾರಿ. ಆಲಿವ್, ವಾಲ್‌ನಟ್, ಓಕ್ ಅಂತ ಹಿಡಿಯ ಮರದ ಮೇಲೆ ಸಂಗ್ರಹಿಸೋದು ಇನ್ನೊಂದು. ಅಣಬೆ ಚಾಕುವಿನ ಹಿಂಬದಿಯಲ್ಲಿ ಮಣ್ಣು ಕೊಡವೋಕೆ ಹಂದಿಕೂದಲಿನ ಬ್ರಷ್ ಇರುತ್ತೆ, ಮಕ್ಕಳ ನಂಬರ್ 7ಕ್ಕೆ ದುಂಡು ತುದಿ ಇರುತ್ತೆ. ನನಗೆ ಎಲ್ಲಕ್ಕಿಂತ ಕುತೂಹಲ ಹಳೇವುಗಳ ಮೇಲೆ. ನಂಬರ್ 6 ಅಥವಾ ಅದಕ್ಕಿಂತ ದೊಡ್ಡ ಚಾಕುವಿಗೆ ರಿಂಗೇ ಇಲ್ಲ, ಹಿಂದೆ ಇದ್ದ ಗುರುತೂ ಇಲ್ಲ ಅಂದರೆ ಅದು 1955ಕ್ಕಿಂತ ಹಿಂದಿನದಿರಬಹುದು. ಅಂಥದ್ದು ಕೈಗೆ ಬಂದರೆ ಉಪ್ಪುಕಾಗದ, ವಿನೆಗರ್ ಎರಡನ್ನೂ ದೂರ ಇಡಿ. ಅದರ ಮೇಲಿನ ಕಪ್ಪು ಯಾರೋ ರೈತನ ಬಳಕೆಯಿಂದ ಬಂದದ್ದು, ಉಜ್ಜಿದರೆ ಮತ್ತೆ ಬರಲ್ಲ.

ಕಾನೂನು ಹೇಳಲೇಬೇಕು. ನಮ್ಮ ಶಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರೋದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು, ಮನೆಗೆಲಸ, ಕೃಷಿಯಂಥ ಬಳಕೆಗೆ ಮಾಡಿದವನ್ನು ಬಿಟ್ಟು. ನಂಬರ್ 8ರ ಅಲಗು 8.5 ಸೆಂಟಿಮೀಟರ್, ಅಂದರೆ ಸುಮಾರು 3.3 ಇಂಚು, ಆ ಅಳತೆಗಿಂತ ಬಹಳ ಚಿಕ್ಕದು. ಆದರೂ ಜಾತ್ರೆ, ಸಭೆ, ಮೆರವಣಿಗೆಗೆ ಜೇಬಲ್ಲಿ ಹಾಕಿಕೊಂಡು ಹೋಗಬೇಡಿ. ವಿಮಾನದಲ್ಲಿ ಕೈಚೀಲದಲ್ಲಿ ಇಡುವ ಹಾಗಿಲ್ಲ, ಚೆಕ್-ಇನ್ ಲಗೇಜಿಗೆ ಹಾಕಿ. ಬ್ರಿಟನ್‌ನಲ್ಲಿ ಇರೋ ನಮ್ಮವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ಕಾರಣ ಕೊಡದೆ ಹೊರಗೆ ಒಯ್ಯಬಹುದಾದದ್ದು ಮಡಚುವ, ಲಾಕ್ ಆಗದ, 3 ಇಂಚು ಮೀರದ ಅಲಗು ಮಾತ್ರ. ವೈರೋಬ್ಲಾಕ್ ಶುರುವಾಗೋದು ನಂಬರ್ 6ರಿಂದ, ಹಾಗಾಗಿ ಅಲ್ಲಿಯವರಿಗೆ ಜೇಬಿಗೆ ನಂಬರ್ 5 ಸರಿ. ನಂಬರ್ 8 ಮನೆಯಲ್ಲಿರಲಿ.

ಕಲ್ಲಿನ ಮೇಲೆ ಸಾಣೆ ಹಿಡಿಯೋದಕ್ಕೆ ಬೇರೆ ವಿಡಿಯೋನೇ ಬೇಕು, ಮುಂದಿನ ಸಲ ಮಾಡ್ತೀನಿ. ಈ ವಾರ ಹಿಡಿಗೆ ಕೈ ಹಾಕೋರು ಎಣ್ಣೆ ಪೂರ್ತಿ ಒಣಗೋವರೆಗೆ ರಿಂಗ್ ಹಾಕಬೇಡಿ. ನಿಮ್ಮ ಚಾಕುವಿನ ಫೋಟೋ ಕಳಿಸುವಾಗ ಅಲಗಿನ ಮುದ್ರೆ, ರಿಂಗಿನ ಮೇಲಿನ ಬರಹ ಎರಡೂ ಕಾಣೋ ಹಾಗೆ ತೆಗೆಯಿರಿ.