ಒಂದು ಹುಳಕ್ಕಾಗಿ ನಿಂತ ಯುದ್ಧ

ನಮಸ್ಕಾರ. ಉತ್ತರ ಕರ್ನಾಟಕದ ಹಿರಿಯರು ಸಿಕ್ಕರೆ ನಾರು ಹುಣ್ಣಿನ ಬಗ್ಗೆ ಕೇಳಿ ನೋಡಿ. ಕಾಲಲ್ಲಿ ಬೊಕ್ಕೆ ಎದ್ದು ಒಡೆಯುತ್ತದೆ. ಒಳಗಿಂದ ದಾರದಂಥ ಹುಳ ತಲೆ ಹಾಕುತ್ತದೆ. ಮೂರಡಿ ಉದ್ದವೂ ಇರಬಹುದು. ಜೋರಾಗಿ ಎಳೆದರೆ ತುಂಡಾಗುತ್ತದೆ. ಅದಕ್ಕೇ ಕಡ್ಡಿಗೆ ಸುತ್ತಿ, ದಿನಕ್ಕಿಷ್ಟಿಷ್ಟೇ ಎಳೆಯಬೇಕು. ಮೆಟ್ಟಿಲು ಬಾವಿಗೆ ಇಳಿದು ಕುಡಿಯೋ ನೀರು ತುಂಬುತ್ತಿದ್ದ ಊರುಗಳ ಕಾಯಿಲೆ ಇದು.

ಇದಕ್ಕೂ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್‌ಗೂ ಏನು ಸಂಬಂಧ ಅಂತೀರಾ?

ಕಾರ್ಟರ್ 1980ರ ಚುನಾವಣೆಯಲ್ಲಿ ಹೀನಾಯವಾಗಿ ಸೋತರು. ಊರಿಗೆ ಹೋದರು. 1986ರಲ್ಲಿ ಅವರು ಕಟ್ಟಿದ ಸೇವಾ ಸಂಸ್ಥೆ ಕಾರ್ಟರ್ ಸೆಂಟರ್ ಈ ಹುಳದ ಬೆನ್ನು ಹತ್ತಿತು. ಆಗ ಜಗತ್ತಿನಲ್ಲಿ ವರ್ಷಕ್ಕೆ ಅಂದಾಜು 35 ಲಕ್ಷ ಜನರಿಗೆ ಇದು ಬರುತ್ತಿತ್ತು. ಲಸಿಕೆ ಇಲ್ಲ, ಔಷಧಿ ಇಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಣ್ಣಿರುವ ಕಾಲನ್ನು ಕೆರೆಗೆ ಇಳಿಸಬೇಡಿ. ಇದನ್ನೇ ಹಳ್ಳಿಹಳ್ಳಿಗೆ ಹೋಗಿ ಹೇಳಬೇಕು. ನಮ್ಮಲ್ಲಿ ಈ ಕೆಲಸವನ್ನು ನಮ್ಮ ಸರ್ಕಾರವೇ ಅದಕ್ಕೂ ಮೊದಲು ಶುರು ಮಾಡಿತ್ತು, 2000ದಲ್ಲಿ ಭಾರತಕ್ಕೆ ರೋಗಮುಕ್ತ ಅನ್ನೋ ಪ್ರಮಾಣಪತ್ರವೂ ಸಿಕ್ಕಿತು. ಅದನ್ನು ಸುಮ್ನೆ ಕಾರ್ಟರ್ ಲೆಕ್ಕಕ್ಕೆ ಬರೆಯೋದು ಬೇಡ.

ಆದರೆ ಸೂಡಾನ್ ಕಥೆ ಬೇರೆ. ಅಲ್ಲಿ ಅಂತರ್ಯುದ್ಧ. ಹಳ್ಳಿಗೆ ಹೋಗೋದು ಹೇಗೆ? 1995ರಲ್ಲಿ ಕಾರ್ಟರ್ ಎರಡೂ ಕಡೆಯವರ ಜೊತೆ ಮಾತಾಡಿ ಕದನ ವಿರಾಮ ಮಾಡಿಸಿದರು. ಅದು ಹತ್ತಿರ ಹತ್ತಿರ ಆರು ತಿಂಗಳು ನಡೆಯಿತು. ಗಡಿಗಾಗಿ ಅಲ್ಲ, ಕುರ್ಚಿಗಾಗಿ ಅಲ್ಲ. ಆರೋಗ್ಯ ಕಾರ್ಯಕರ್ತರು ಸೋಸುವ ಬಟ್ಟೆ ಹಿಡಿದು ಒಳಗೆ ಹೋಗಲಿ, ಮಕ್ಕಳಿಗೆ ಬೇರೆ ರೋಗಗಳ ಲಸಿಕೆ ಹಾಕಲಿ ಅಂತ.

ಅಧ್ಯಕ್ಷರಾಗಿದ್ದಾಗ, 1978ರಲ್ಲಿ, ಅಮೆರಿಕ ಅಧ್ಯಕ್ಷರ ವಿಶ್ರಾಂತಿ ತಾಣ ಕ್ಯಾಂಪ್ ಡೇವಿಡ್‌ನಲ್ಲಿ 13 ದಿನ ಕೂತು ಈಜಿಪ್ಟ್ ಮತ್ತು ಇಸ್ರೇಲ್ ನಾಯಕರನ್ನು ಶಾಂತಿಗೆ ಒಪ್ಪಿಸಿದ್ದು ದೊಡ್ಡ ಸಾಧನೆಯೇ. ಮರುವರ್ಷ ಒಪ್ಪಂದಕ್ಕೆ ಸಹಿಯಾದಾಗ ಮೂವರು ಕೈ ಕುಲುಕಿದ ಆ ಫೋಟೋ ಎಲ್ಲರಿಗೂ ಗೊತ್ತು. ನಾನು ಮಾತ್ರ ಜಾಸ್ತಿ ಮಾರ್ಕ್ಸ್ ಕೊಡೋದು ಸೂಡಾನಿಗೆ. ಅಧಿಕಾರ ಇರಲಿಲ್ಲ, ಸೈನ್ಯ ಇರಲಿಲ್ಲ, ಮುಂದಿನ ಚುನಾವಣೆಯೂ ಇರಲಿಲ್ಲ. ಓಟು ಹಾಕದ ಜನರ ಕಾಲಿನ ಹುಣ್ಣಿಗಾಗಿ ಮಾಡಿದ ಕೆಲಸ ಅದು.

ಹಾಗಂತ ಅವರನ್ನು ದೇವರು ಮಾಡೋಕೆ ನಾನು ತಯಾರಿಲ್ಲ. ಮಾನವ ಹಕ್ಕು ಅಂತ ಮಾತಾಡುತ್ತಿದ್ದ ಅವರ ಸರ್ಕಾರವೇ, ಪಕ್ಕದ ಪುಟ್ಟ ನಾಡು ಪೂರ್ವ ಟಿಮೋರನ್ನು ತುಳಿಯುತ್ತಿದ್ದ ಇಂಡೊನೇಷ್ಯಾಕ್ಕೆ ಆಯುಧ ಕೊಟ್ಟಿತ್ತು. 2002ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಾಗ ಓಸ್ಲೋದಲ್ಲಿ ಅವರು ಹೇಳಿದ್ದಿಷ್ಟು: ಯುದ್ಧ ಕೆಲವೊಮ್ಮೆ ಅನಿವಾರ್ಯ ಆಗಬಹುದು, ಆದರೆ ಎಷ್ಟೇ ಅನಿವಾರ್ಯ ಆದರೂ ಅದು ಕೆಡುಕೇ. ಈ ಮಾತಿನಲ್ಲಿ ನನಗೆ ಉಪದೇಶಕ್ಕಿಂತ ಆ ಕುರ್ಚಿಯಲ್ಲಿ ಕೂತು ಎದ್ದು ಬಂದವರ ಅಳುಕು ಜಾಸ್ತಿ ಕೇಳಿಸುತ್ತದೆ.

2015ರಲ್ಲಿ ಅವರಿಗೆ ಕ್ಯಾನ್ಸರ್ ಅಂತ ಗೊತ್ತಾಯಿತು. ಏನಾಸೆ ಇದೆ ಅಂದರೆ, ಕೊನೆಯ ನಾರು ಹುಳ ನನಗಿಂತ ಮೊದಲು ಸಾಯಬೇಕು ಅಂದರು. 2023ರಲ್ಲಿ ಇಡೀ ಜಗತ್ತಿನಲ್ಲಿ ಉಳಿದಿದ್ದು 14 ರೋಗಿಗಳು. 2024ರ ಡಿಸೆಂಬರ್ 29ಕ್ಕೆ, 100 ದಾಟಿದ್ದ ಕಾರ್ಟರ್ ಹೋದರು. ಹುಳ ಇನ್ನೂ ಇದೆ. ಚಾಡ್ ದೇಶದಲ್ಲಿ ನಾಯಿಗಳಿಗೂ ಬರುತ್ತಿದೆ. ಅಲ್ಲೀಗ ಸೋಸುವ ಬಟ್ಟೆಯ ಜೊತೆ, ನಾಯಿ ಕಟ್ಟಿಹಾಕಿ ಅಂತಲೂ ಮನೆಮನೆಗೆ ಹೇಳುತ್ತಿದ್ದಾರೆ.