ಗೋಡೆಗೆ ತೂಗುವ ಚಿತ್ರ, ಅದರಡಿಯ ನಾಲ್ಕು ಸಾಲು

ಕೇಳುಗರಿಗೆ ನಮಸ್ಕಾರ.

ಬಾಗಲಕೋಟೆಯಲ್ಲಿ ನಿಸರ್ಗ ಛಾಯಾಚಿತ್ರಗಳ ಪ್ರದರ್ಶನ ಏರ್ಪಟ್ಟಾಗ ಚಿತ್ರದ ಮುಂದೆ ನಿಂತವರು ಕೇಳುವ ಮೊದಲ ಪ್ರಶ್ನೆ, ‘ಇದನ್ನ ಎಲ್ಲಿ ತಗದೀರಿ?’ ಎಂಬುದು. ಇಲ್ಲೇ, ಆಲಮಟ್ಟಿ ಜಲಾಶಯದ ಹೆರಕಲ್ ಹಿನ್ನೀರಿನಲ್ಲಿ ಎಂದರೆ ಅನೇಕರು ಒಮ್ಮೆಗೇ ನಂಬುವುದಿಲ್ಲ. ಅನಗವಾಡಿ ಸೇತುವೆಯನ್ನು ನಿತ್ಯ ಬಸ್ಸಿನಲ್ಲಿ ದಾಟುವವರಿಗೂ, ಅದೇ ಹಿನ್ನೀರಿನ ಅಂಚಿನಲ್ಲಿ ರಾಜಹಂಸಗಳ ಹಿಂಡು ಕೊಕ್ಕನ್ನು ತಲೆಕೆಳಗಾಗಿ ಕೆಸರುನೀರಿಗೆ ಅದ್ದಿ, ಸೋಸಿ ತಿನ್ನುತ್ತ ನಿಂತಿರುತ್ತದೆ ಎಂಬುದು ಗೊತ್ತಿರುವುದಿಲ್ಲ. ಗೊತ್ತಾದ ಮೇಲೆ ಅವರು ಚಿತ್ರವನ್ನು ಇನ್ನೊಮ್ಮೆ, ಈ ಸಲ ನಿಧಾನವಾಗಿ ನೋಡುತ್ತಾರೆ. ಊರಿನ ಛಾಯಾಗ್ರಾಹಕರ ಸಂಘವೊಂದು ಪ್ರದರ್ಶನಕ್ಕಾಗಿ ಪಡುವ ಶ್ರಮವೆಲ್ಲ ಆ ಎರಡನೆಯ ನೋಟಕ್ಕಾಗಿ ಎಂದು ನಾನು ತಿಳಿದಿದ್ದೇನೆ. ಆ ನೋಟವನ್ನು ಹುಟ್ಟಿಸುವುದರಲ್ಲಿ ಚಿತ್ರಕ್ಕೆ ಎಷ್ಟು ಪಾಲಿದೆಯೋ, ಚಿತ್ರದಡಿ ಬರೆದ ನಾಲ್ಕು ಸಾಲಿಗೂ ಚಿತ್ರ ತೆಗೆದವರು ಪಕ್ಕದಲ್ಲಿ ನಿಂತು ಆಡುವ ಮಾತಿಗೂ ಅಷ್ಟೇ ಪಾಲಿದೆ ಎಂಬುದನ್ನು ಇಂದು ವಿವರಿಸಲು ಬಯಸುತ್ತೇನೆ.

ನಮ್ಮ ಸಂಘದಲ್ಲಿ ಶಾಲಾ ಶಿಕ್ಷಕರಿದ್ದಾರೆ, ಮದುವೆಯ ಫೋಟೊ ತೆಗೆದು ಜೀವನ ಸಾಗಿಸುವ ಸ್ಟುಡಿಯೊದವರಿದ್ದಾರೆ, ಬ್ಯಾಂಕಿನವರು, ನಿವೃತ್ತ ಎಂಜಿನಿಯರುಗಳು, ತೋಟಗಾರಿಕೆ ಓದುತ್ತಿರುವ ವಿದ್ಯಾರ್ಥಿಗಳಿದ್ದಾರೆ. ತಿಂಗಳಿಗೊಮ್ಮೆ ಸೇರಿ ಚಿತ್ರಗಳನ್ನು ಪರದೆಯ ಮೇಲೆ ನೋಡಿ ಚರ್ಚಿಸುತ್ತೇವೆ. ವರ್ಷಕ್ಕೊಮ್ಮೆ ಆಯ್ದವನ್ನು ಮುದ್ರಿಸಿ, ಕಟ್ಟು ಹಾಕಿಸಿ, ಸಾರ್ವಜನಿಕರಿಗಾಗಿ ತೂಗುಹಾಕುತ್ತೇವೆ. ಪ್ರತಿ ಚಿತ್ರದ ಕೆಳಗೆ ಆ ಜೀವಿಯ ಕನ್ನಡದ ಹೆಸರು, ಚಿತ್ರ ತೆಗೆದ ತಿಂಗಳು, ಆಗ ಆ ಜೀವಿ ಏನು ಮಾಡುತ್ತಿತ್ತು, ಛಾಯಾಗ್ರಾಹಕ ಎಲ್ಲಿ ನಿಂತು ಹೇಗೆ ಚಿತ್ರ ತೆಗೆದ ಎಂಬ ವಿವರ ಇರಲೇಬೇಕೆಂಬುದು ನಾವು ಪಾಲಿಸಿಕೊಂಡು ಬಂದಿರುವ ಕಟ್ಟಳೆ.

ಇದು ನಾವೇ ಹುಟ್ಟಿಸಿದ ವಿಚಾರವೇನೂ ಅಲ್ಲ. ಫೋಟೊಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ, ಫಿಯಾಪ್ ಎಂದು ಕರೆಯಲಾಗುವ ಅಂತರರಾಷ್ಟ್ರೀಯ ಒಕ್ಕೂಟ ಮತ್ತು ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ, ಈ ಮೂರು ಸಂಸ್ಥೆಗಳು 2014ರಲ್ಲಿ ನಿಸರ್ಗ ಛಾಯಾಗ್ರಹಣಕ್ಕೆ ಒಂದೇ ವ್ಯಾಖ್ಯೆಯನ್ನು ಒಪ್ಪಿಕೊಂಡವು. ವಿಷಯ ಬಲ್ಲವನೊಬ್ಬ ಚಿತ್ರದಲ್ಲಿರುವ ಜೀವಿಯನ್ನು ಗುರುತಿಸಲು ಸಾಧ್ಯವಾಗಬೇಕು, ಅದು ಪ್ರಾಮಾಣಿಕ ನಿರೂಪಣೆ ಎಂದು ದೃಢೀಕರಿಸಲು ಸಾಧ್ಯವಾಗಬೇಕು, ಚಿತ್ರದ ಅಂದಕ್ಕಿಂತ ಅದು ಹೇಳುವ ಸಂಗತಿಗೆ ಹೆಚ್ಚಿನ ತೂಕ ಸಿಗಬೇಕು ಎಂಬುದು ಅದರ ತಿರುಳು. ಚಿತ್ರದ ಅಂಚನ್ನು ಕತ್ತರಿಸಬಹುದು, ಬೆಳಕನ್ನು ತಕ್ಕಮಟ್ಟಿಗೆ ಸರಿಪಡಿಸಬಹುದು; ಆದರೆ ಅಡ್ಡ ಬಂದ ಕೊಂಬೆಯೊಂದನ್ನು ಅಳಿಸುವಂತಿಲ್ಲ, ಇಲ್ಲದ ಹಕ್ಕಿಯೊಂದನ್ನು ಸೇರಿಸುವಂತಿಲ್ಲ. ಸಾಕುಪ್ರಾಣಿ, ಬೆಳೆಸಿದ ಗಿಡ, ಒಳಗೆ ಹೊಟ್ಟು ತುಂಬಿ ನಿಲ್ಲಿಸಿದ ಪ್ರಾಣಿದೇಹಗಳ ಚಿತ್ರಕ್ಕೆ ಈ ವಿಭಾಗದಲ್ಲಿ ಜಾಗವಿಲ್ಲ.

ಇದೇ ವ್ಯಾಖ್ಯೆಯಲ್ಲಿ ನಮ್ಮನ್ನು ಬಹಳ ಹೊತ್ತು ಚರ್ಚೆಗೆ ಹಚ್ಚಿದ ಇನ್ನೊಂದು ಮಾತಿದೆ. ಮನುಷ್ಯನ ಕುರುಹು ಚಿತ್ರದಲ್ಲಿ ಇರಬಾರದು, ಆದರೆ ಮನುಷ್ಯ ಬದಲಿಸಿದ ನೆಲೆಗೆ ಹೊಂದಿಕೊಂಡ ಜೀವಿಗಳ ವಿಷಯದಲ್ಲಿ, ಆ ಕುರುಹು ಅವುಗಳ ಕಥೆಯದೇ ಭಾಗವಾಗಿದ್ದರೆ ಇರಬಹುದು ಎಂದು ಅದು ಹೇಳುತ್ತದೆ. ಈ ರಿಯಾಯಿತಿಯ ಅಗತ್ಯ ಬಾಗಲಕೋಟೆಯವರಿಗೆ ಇರುವಷ್ಟು ಬೇರೆಯವರಿಗೆ ಇರಲಿಕ್ಕಿಲ್ಲ. ನಾವು ಚಿತ್ರ ತೆಗೆಯುವ ನೀರೇ ಮನುಷ್ಯ ನಿಲ್ಲಿಸಿದ ನೀರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸುತ್ತಾರೆ. ಆ ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳೂ ಅನೇಕ ಹಳ್ಳಿಗಳೂ ಮುಳುಗಡೆಯಾಗಿ, ನವನಗರ ಎದ್ದಿತು. ಮಳೆಗಾಲದಲ್ಲಿ ತುಂಬಿ ನಿಲ್ಲುವ ಈ ಜಲಾಶಯ ಚಳಿಗಾಲ ಕಳೆದಂತೆ ಇಳಿಯತೊಡಗುತ್ತದೆ. ಇಳಿದ ನೀರು ಬಿಟ್ಟುಹೋದ ಹಸಿ ಕೆಸರು, ಅದರಲ್ಲಿನ ಹುಳು, ಪಾಚಿ, ಸಣ್ಣ ಸೀಗಡಿಗಳಿಗಾಗಿಯೇ ಹಕ್ಕಿಗಳು ಬರುತ್ತವೆ.

ಒಮ್ಮೆ ಸದಸ್ಯರೊಬ್ಬರು ತಂದ ಚಿತ್ರದಲ್ಲಿ, ಬೇಸಿಗೆಯಲ್ಲಿ ನೀರಿನಿಂದ ಹೊರಬಿದ್ದ ಒಂದು ಮನೆಯ ಮೋಟುಗೋಡೆಯ ಮೇಲೆ ನದಿ ರೀವ ಎಂಬ ಹಕ್ಕಿಗಳ ಸಾಲೊಂದು ಕುಳಿತಿತ್ತು. ಕರಿ ತಲೆ, ಹಳದಿ ಕೊಕ್ಕು, ಕೆಂಪು ಕಾಲು, ಎಲ್ಲವೂ ಗಾಳಿ ಬೀಸುವ ದಿಕ್ಕಿಗೆ ಮುಖ ಮಾಡಿದ್ದವು. ಗೋಡೆ ಇರುವ ಕಾರಣ ಇದು ನಿಸರ್ಗ ವಿಭಾಗಕ್ಕೆ ಸಲ್ಲದು ಎಂದು ಕೆಲವರು ವಾದಿಸಿದರು. ಆ ಗೋಡೆಯೇ ಈ ಹಕ್ಕಿಗಳ ಇಂದಿನ ದಂಡೆ, ಅದನ್ನು ಬಿಟ್ಟರೆ ಅವುಗಳ ಕಥೆಯೇ ಅಪೂರ್ಣ ಎಂಬ ಇನ್ನೊಂದು ಪಕ್ಷದ ಮಾತೇ ಕೊನೆಗೆ ನಿಂತಿತು, ನಿಂತದ್ದು ಸರಿಯೆಂದೇ ನನ್ನ ಅಭಿಪ್ರಾಯ. ಪ್ರದರ್ಶನದಲ್ಲಿ ಆ ಚಿತ್ರದ ಎದುರು ಅತಿ ಹೆಚ್ಚು ಹೊತ್ತು ನಿಂತವರು ಮುಳುಗಡೆಯಲ್ಲಿ ಮನೆ ಕಳೆದುಕೊಂಡ ಹಿರಿಯರು. ಅವರು ಗೋಡೆಯ ಕಲ್ಲುಕಟ್ಟಣೆಯನ್ನು ನೋಡಿ ಅದು ಯಾವ ಊರಿನ ಕಡೆಯದಿರಬಹುದೆಂದು ತಮ್ಮತಮ್ಮಲ್ಲೇ ಚರ್ಚಿಸಿದರು, ಆಮೇಲೆ ಹಕ್ಕಿಯ ಹೆಸರು ಕೇಳಿದರು.

ಪ್ರಾಮಾಣಿಕ ನಿರೂಪಣೆ ಎಂಬ ಮಾತನ್ನು ನಾವು ಗಂಭೀರವಾಗಿ ತೆಗೆದುಕೊಳ್ಳುವುದಕ್ಕೆ ಕಾರಣವಿದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಸಂಬಂಧಿಸಿದ ವಿಶ್ವಪ್ರಸಿದ್ಧ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ 2009ರ ಅತ್ಯುನ್ನತ ಪ್ರಶಸ್ತಿ, ಬೇಲಿಯ ಗೇಟನ್ನು ಜಿಗಿಯುತ್ತಿರುವ ತೋಳದ ಚಿತ್ರಕ್ಕೆ ಸಂದಿತ್ತು. ಆ ತೋಳ ಕಾಡಿನದಲ್ಲ, ಪಳಗಿಸಿದ್ದಿರಬೇಕೆಂದು ತೀರ್ಪುಗಾರರಿಗೆ ಅನಿಸಿ, 2010ರ ಜನವರಿಯಲ್ಲಿ ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಲಾಯಿತು. ಚಿತ್ರದಲ್ಲಿ ಒಂದು ಚುಕ್ಕೆಯೂ ಬದಲಾಗಿರಲಿಲ್ಲ, ಬೆಳಕು, ಕ್ಷಣ, ಚೌಕಟ್ಟು ಎಲ್ಲವೂ ಹಿಂದಿನಷ್ಟೇ ಸೊಗಸಾಗಿದ್ದವು. ಬಿದ್ದುಹೋದದ್ದು ಅದರ ಹಿಂದಿನ ಮಾತು ಮಾತ್ರ.

ನಮ್ಮಲ್ಲಿ ಪಳಗಿಸಿದ ತೋಳಗಳ ಪ್ರಶ್ನೆ ಇಲ್ಲ. ನಮ್ಮ ಪ್ರಶ್ನೆ, ಹಾರುತ್ತಿರುವ ಹಿಂಡಿನದು. ಆಕಾಶದ ತುಂಬ ಗುಲಾಬಿ ರೆಕ್ಕೆಗಳು ಚಾಚಿಕೊಂಡ ರಾಜಹಂಸಗಳ ಚಿತ್ರಕ್ಕೆ ಯಾವ ಸಭೆಯಲ್ಲೂ ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ನಿಂತ ಮೇಲೆ ನಮ್ಮ ಸಭೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇವು ಯಾಕೆ ಹಾರಿದವು? ಜೌಗು ಸೆಳೆವದಂತಹ ಬೇಟೆ ಹಕ್ಕಿ ಮೇಲೆ ಸುಳಿದದ್ದಕ್ಕೆ ಎದ್ದವೋ, ಸಂಜೆಯಾಯಿತೆಂದು ಹೊರಟವೋ, ಅಥವಾ ಯಾರಾದರೂ ಕೆಸರಿನ ಮೇಲೆ ಜೀಪು ಓಡಿಸಿ, ಚಪ್ಪಾಳೆ ತಟ್ಟಿ, ಡ್ರೋನ್ ಹಾರಿಸಿ ಎಬ್ಬಿಸಿದರೋ? ದೂರದಿಂದ ಹಾರಿ ಬಂದು, ದಿನವಿಡೀ ಸೋಸಿ ಸೋಸಿ ಹೊಟ್ಟೆ ತುಂಬಿಸಿಕೊಳ್ಳುವ ಹಕ್ಕಿಯನ್ನು ಮೇಲಿಂದ ಮೇಲೆ ಎಬ್ಬಿಸಿದರೆ ಅದು ಮೇಯುವ ಹೊತ್ತನ್ನೂ ಕೂಡಿಟ್ಟ ಕೊಬ್ಬನ್ನೂ ಕಳೆದುಕೊಳ್ಳುತ್ತದೆ. ಆದ್ದರಿಂದ ಹಾರುವ ಹಿಂಡಿನ ಚಿತ್ರ ತಂದವರು ಹಾರಿದ ಕಾರಣವನ್ನು ಅಡಿಬರಹದಲ್ಲಿ ಬರೆಯಬೇಕು; ಬರೆಯಲಾಗದ ಚಿತ್ರವನ್ನು ನಾವು ತೂಗುಹಾಕುವುದಿಲ್ಲ. ಇದು ಕಠಿಣವೆಂದು ಮುನಿಸಿಕೊಂಡವರಿದ್ದಾರೆ, ಆದರೂ ಇದನ್ನು ಸಡಿಲಿಸುವುದು ನನಗೆ ಒಪ್ಪಿಗೆಯಿಲ್ಲ.

ಗೂಡಿನ ಚಿತ್ರದ ವಿಷಯ ಇನ್ನೂ ಸೂಕ್ಷ್ಮ. 1920ರ ದಶಕದಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಅವರು ಹುಲಿಯ ಕಾಲಿಗೆ ತಗಲುವಂತೆ ತಂತಿ ಕಟ್ಟಿ, ರಾತ್ರಿಯಲ್ಲಿ ಹುಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದ ದಿನಗಳಿಂದ, ನಮ್ಮ ನಾಡಿನ ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಫಿಲ್ಮ್ ಸುರುಳಿಯ ಕ್ಯಾಮೆರಾಗಳಲ್ಲಿ ದುಡಿದ ಕಾಲದವರೆಗೆ, ಉಪಕರಣದ ಮಿತಿಯೇ ಕೆಲಸದ ಬಗೆಯನ್ನು ನಿರ್ಧರಿಸುತ್ತಿತ್ತು. ಹಕ್ಕಿ ತಿರುಗಿ ತಿರುಗಿ ಒಂದೇ ಜಾಗಕ್ಕೆ ಬರುವುದು ಗೂಡಿಗೆ ಮಾತ್ರ ಆದ್ದರಿಂದ, ಗೂಡಿನ ಹತ್ತಿರ ಮರೆ ಕಟ್ಟಿ ತಾಳ್ಮೆಯಿಂದ ಕಾಯುವುದು ಆಗಿನ ಛಾಯಾಗ್ರಾಹಕರಲ್ಲಿ ರೂಢಿಯಲ್ಲಿತ್ತು. ಈಗ ಉದ್ದನೆಯ ಲೆನ್ಸುಗಳು ಹಲವರ ಕೈಗೆ ಸಿಕ್ಕಿವೆ, ಗೂಡಿನ ಬಳಿಗೆ ಹೋಗುವವರ ಸಂಖ್ಯೆಯೂ ಬೆಳೆದಿದೆ; ಹಾಗಾಗಿ ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿವೆ.

ಹೀಗಿರುವಾಗ ನಾವು ಒಂದು ಟಿಟ್ಟಿಭದ ಚಿತ್ರವನ್ನು ತೂಗುಹಾಕಿದೆವು. ರೇಡಿಯೊದಲ್ಲಿ ಅದನ್ನು ನಿಮಗೆ ತೋರಿಸಲಾರೆ, ಹೇಳಬಲ್ಲೆ. ಏಪ್ರಿಲ್ ತಿಂಗಳ ಬಿಸಿಲು, ಕಂದು ಗರಸಿನ ನೆಲ. ಆ ನೆಲದ ಮೇಲೆ, ಹರಳುಗಳ ನಡುವೆ ಹರಳುಗಳಂತೆಯೇ ಕಾಣುವ ಕಪ್ಪು ಮಚ್ಚೆಯ ನಾಲ್ಕು ಮೊಟ್ಟೆಗಳು, ಚೂಪು ತುದಿ ಒಳಮುಖವಾಗಿ. ಅವುಗಳ ಮೇಲೆ ತಾಯಿ ಟಿಟ್ಟಿಭ ಕೂತಿಲ್ಲ, ನಿಂತಿದೆ. ಬಿಸಿಲು ತನ್ನ ಬೆನ್ನಿಗೆ ಬಿದ್ದು ನೆರಳು ಮೊಟ್ಟೆಗಳಿಗೆ ಬೀಳುವಂತೆ ನಿಂತಿದೆ. ಹೊಟ್ಟೆಯ ಬಿಳಿ ಗರಿಗಳು ತೊಯ್ದು ಕುಚ್ಚುಕುಚ್ಚಾಗಿವೆ, ಒಂದರ ತುದಿಯಲ್ಲಿ ನೀರ ಹನಿಯಿದೆ. ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು, ಆ ತೇವದಿಂದ ಮೊಟ್ಟೆಗಳನ್ನು ತಂಪಾಗಿಡುವುದು ಟಿಟ್ಟಿಭಗಳ ಕ್ರಮ. ಇಂಥ ಬಿಸಿಲಿನಲ್ಲಿ ತಾಯಿಯನ್ನು ಎಬ್ಬಿಸಿ ಸ್ವಲ್ಪ ಹೊತ್ತು ದೂರ ಇಟ್ಟರೂ ಮೊಟ್ಟೆಯೊಳಗಿನ ಮರಿ ಬೆಂದುಹೋಗಬಹುದು. ಈ ಚಿತ್ರವನ್ನು ರಸ್ತೆಯಲ್ಲಿ ನಿಂತ ಕಾರಿನೊಳಗಿಂದ, ಇಳಿಯದೆ ತೆಗೆದದ್ದು. ದೂರದಿಂದ ತೆಗೆದು ದೊಡ್ಡದು ಮಾಡಿದ್ದರಿಂದ ಅದರಲ್ಲಿ ಕಾಳುಕಾಳು ಎದ್ದಿದೆ. ಆ ದೋಷವನ್ನೂ ಕಾರಣವನ್ನೂ ಅಡಿಬರಹದಲ್ಲಿ ಬರೆದೆವು, ಜಾಗದ ಹೆಸರನ್ನು ಬರೆಯಲಿಲ್ಲ. ಗೂಡಿನ ಚಿತ್ರ ಯಾವ ಕಾರಣಕ್ಕೂ ಬೇಡವೆನ್ನುವ ಹಿರಿಯರು ಸಂಘದಲ್ಲಿ ಇಂದಿಗೂ ಇದ್ದಾರೆ, ಅವರ ಮಾತಿನಲ್ಲಿ ನ್ಯಾಯವಿದೆ. ಆದರೆ ಹೊಲದಲ್ಲಿ ದಿನವೂ ಟಿಟ್ಟಿಭದ ಕೂಗು ಕೇಳುವ ಊರಿನ ಮಕ್ಕಳು ಅದು ಮೊಟ್ಟೆಗಳನ್ನು ಕಾಯಲೆಂದೇ ಕೂಗುತ್ತದೆ ಎಂಬುದನ್ನು ಆ ಚಿತ್ರದಿಂದ ಕಲಿತರು ಎಂಬುದೂ ನಿಜ.

ಉಪನ್ಯಾಸಗಳ ಬಗ್ಗೆ ಎರಡು ಮಾತು. ಮಾತನಾಡಲು ಛಾಯಾಗ್ರಾಹಕರನ್ನಷ್ಟೇ ಕರೆಯಬೇಕೆಂದು ನಿಯಮವೇನಿಲ್ಲ. ಹಿನ್ನೀರು ಇಳಿದ ಎರೆ ಭೂಮಿಯಲ್ಲಿ ಕಡಲೆ ಬಿತ್ತುವ ರೈತರೊಬ್ಬರು ನಮ್ಮಲ್ಲಿ ಮಾತನಾಡಿದ್ದರು. ಟಿಬೆಟ್, ಮಂಗೋಲಿಯಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನಾವು ಹಗಲಲ್ಲಿ ನೀರಿನ ಮೇಲೆ ವಿಶ್ರಮಿಸುವಾಗ ನೋಡಿ ಚಿತ್ರ ತೆಗೆಯುತ್ತೇವೆ; ಅವು ರಾತ್ರಿ ಹೊಲಕ್ಕಿಳಿದು ಮೇಯುವುದನ್ನು ನೋಡುವವರು ಅವರು. ಹಾನಿಯನ್ನೂ ಅವರು ಮುಚ್ಚಿಡದೆ ಹೇಳಿದರು. ಹೆಬ್ಬಾತಿನ ಕಥೆಯ ಅರ್ಧಭಾಗ ಅಂದು ನಮಗೆ ದಕ್ಕಿತು.

ಕಲಿಯುವವರಿಗೆ ತಾಂತ್ರಿಕವಾಗಿ ಒಂದೇ ವಿಷಯ ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಸೀಮೆಯಲ್ಲಿ ಬೆಳಗಿನ ಬಿಸಿಲೇರಿದ ಮೇಲೆ ಕಾದ ನೆಲದಿಂದ ಏಳುವ ಗಾಳಿ ಅಲೆಯಾಡುತ್ತದೆ, ದೂರದ ಹಕ್ಕಿಯ ಅಂಚೆಲ್ಲ ಕಲಸಿಹೋಗುತ್ತದೆ. ಎಷ್ಟು ಬೆಲೆಬಾಳುವ ಲೆನ್ಸಾದರೂ ಅದನ್ನು ಸರಿಪಡಿಸಲಾರದು, ಇನ್ನೂ ಉದ್ದನೆಯ ಲೆನ್ಸು ಆ ಅಲೆಯನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ಸೂರ್ಯ ಹುಟ್ಟುವ ಮೊದಲೇ ಜಾಗ ಸೇರಿ, ನೆಲಕ್ಕೆ ಒರಗಿ, ಹಕ್ಕಿ ತಾನಾಗಿ ಹತ್ತಿರ ಬರುವವರೆಗೆ ಸುಮ್ಮನಿರುವುದೊಂದೇ ದಾರಿ.

ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿದ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ 2016ರಲ್ಲಿ ಘೋಷಣೆಯಾದಂದಿನಿಂದ, ಚಿಂಕಾರ ಎಂಬ ಹುಲ್ಲೆಯ ಚಿತ್ರ ತೆಗೆಯಬೇಕೆಂಬ ಹುಮ್ಮಸ್ಸು ಯುವಕರಲ್ಲಿ ಹೆಚ್ಚಿದೆ. ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೆ ಹೋಗಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕೆಂಬುದನ್ನು ಅವರು ನೆನಪಿಡಲಿ. ಈ ಹುಲ್ಲೆ ಅತಿ ನಾಚಿಕೆಯ ಪ್ರಾಣಿ, ನೀರು ಕುಡಿಯದೆಯೂ ಎಲೆ ಮತ್ತು ಇಬ್ಬನಿಯ ತೇವದಲ್ಲಿ ಬಹುದಿನ ಬದುಕಬಲ್ಲದು. ಹಾಗಾಗಿ ನೀರಿನ ಹೊಂಡದ ಬಳಿ ಕಾದು ಕೂತರೆ ಸಿಕ್ಕೇ ಸಿಗುತ್ತದೆ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಮುಂದಿನ ಪ್ರದರ್ಶನದಲ್ಲಿ ಒಂದು ಗೋಡೆಯನ್ನು ಕಲ್ಲಿಗೆ ಮೀಸಲಿಡಬೇಕೆಂದಿದ್ದೇವೆ. ನಿಸರ್ಗ ಛಾಯಾಗ್ರಹಣವೆಂದರೆ ಹಕ್ಕಿ, ಪ್ರಾಣಿಗಳಷ್ಟೇ ಎಂಬ ಭಾವನೆ ಬಲವಾಗಿದೆ. ಭೂರಚನೆಗಳೂ ಅದರಲ್ಲಿ ಸೇರುತ್ತವೆ. ಕಲಾದಗಿ, ಲೋಕಾಪುರಗಳ ಸೀಮೆಯ ಸುಣ್ಣಗಲ್ಲುಗಳಲ್ಲಿ ಈರುಳ್ಳಿಯನ್ನು ಅಡ್ಡ ಕೊಯ್ದಂತೆ ಪದರು ಪದರಾಗಿ ಕಾಣುವ ಸ್ಟ್ರೊಮ್ಯಾಟೊಲೈಟ್‌ಗಳಿವೆ. ನೂರು ಕೋಟಿ ವರ್ಷಗಳಿಗೂ ಹಿಂದೆ, ಇಲ್ಲಿ ಸಮುದ್ರವಿದ್ದಾಗ, ಸೂಕ್ಷ್ಮಜೀವಿಗಳು ಒಂದರ ಮೇಲೊಂದು ಕಟ್ಟಿದ ಪದರುಗಳವು. ಓಡಿಹೋಗದ ವಸ್ತುವಾದ್ದರಿಂದ ಅದರ ಚಿತ್ರ ತೆಗೆಯಲು ದೊಡ್ಡ ಲೆನ್ಸು ಬೇಕಿಲ್ಲ, ಓರೆಬಿಸಿಲಿನಲ್ಲಿ ಮೊಬೈಲಿನಿಂದಲೂ ಚೆನ್ನಾಗಿ ಬರುತ್ತದೆ. ಕಲ್ಲನ್ನು ಮಾತ್ರ ಒಡೆಯಬೇಡಿ, ಎತ್ತಿಕೊಂಡೂ ಬರಬೇಡಿ. ಅಂಥ ಚಿತ್ರ ನಿಮ್ಮಲ್ಲಿದ್ದರೆ, ಯಾವ ತಿಂಗಳು, ಎಂಥ ಜಾಗ, ಕಲ್ಲಿನ ಅಳತೆ ಎಷ್ಟು ಎಂಬುದನ್ನು ಬರೆದುಕೊಂಡು ತಿಂಗಳ ಸಭೆಗೆ ತನ್ನಿ. ಸದಸ್ಯರಲ್ಲದವರಿಗೂ ಅಲ್ಲಿ ಮಾತನಾಡಲು ಅವಕಾಶವಿದೆ.

ನಮಸ್ಕಾರ.